ಮೂರು ನಿಮಿಷಗಳ ಮೌನ

ಗುಜರಾತಿನ ಅಲಂಗ್ ಕಡಲತೀರದಲ್ಲಿ 1983ರಿಂದ ಹಳೆಯ ಹಡಗುಗಳನ್ನು ಒಡೆಯುತ್ತಿದ್ದಾರೆ. ಉಕ್ಕು ರೋಲಿಂಗ್ ಮಿಲ್ಲುಗಳಿಗೆ ಹೋಗುತ್ತದೆ. ಮಂಚ, ಕುರ್ಚಿ, ತಟ್ಟೆ, ಬಟ್ಟಲುಗಳು ರಸ್ತೆಬದಿಯ ಅಂಗಡಿಗಳಿಗೆ ಬರುತ್ತವೆ. ಅಂಥ ಒಂದು ಅಂಗಡಿಯಲ್ಲಿ, ಸಾಧಾರಣ ಕೈಗಡಿಯಾರದ ಬೆಲೆಗೆ, ನಾನು ಹಡಗಿನ ಗಡಿಯಾರವೊಂದನ್ನು ಕೊಂಡೆ. ಅಗ್ಗವಾಗಿ ದೊರೆತುದಕ್ಕೆ ಕಾರಣವಿತ್ತು: ಅದು ನಡೆಯುತ್ತಿರಲಿಲ್ಲ.

ಕೇಳುಗರಲ್ಲಿ ಯಾರಾದರೂ ಇಂಥದನ್ನು ಕೊಳ್ಳಬಯಸಿದರೆ, ನೋಡಬೇಕಾದುದು ಹಿತ್ತಾಳೆಯ ಹೊಳಪನ್ನಲ್ಲ. ಕೀಲಿ ತಿರುಗಿಸಿದಾಗ ಸ್ಪ್ರಿಂಗು ಬಿಗಿಯುವುದೇ, ಮೆಲ್ಲನೆ ಹೊರಳಿಸಿದಾಗ ಒಳಗಿನ ಚಕ್ರ ಅಲುಗುವುದೇ ಎಂಬುದನ್ನು. ಗೋಡೆ ಗಡಿಯಾರದ ಲೋಲಕ ಓಲಾಡುವ ಹಡಗಿನಲ್ಲಿ ತಾಳ ತಪ್ಪುತ್ತದೆ. ಆದುದರಿಂದ ಇಲ್ಲಿ, ಕೂದಲೆಳೆಯಂಥ ಸುರುಳಿಗೆ ಕಟ್ಟುಬಿದ್ದು ಅತ್ತಿತ್ತ ತಿರುಗುವ ಪುಟ್ಟ ಚಕ್ರವೇ ಕಾಲವನ್ನು ಅಳೆಯುತ್ತದೆ.

ಊರಿಗೆ ತಂದು ಪರಿಚಯದ ರಿಪೇರಿಯವರ ಮುಂದಿಟ್ಟೆ. ಬಿಚ್ಚಿ ನೋಡಿ, "ರೋಗವೇನೂ ಇಲ್ಲ ಸ್ವಾಮಿ, ಎಣ್ಣೆ ಅಂಟಾಗಿದೆ" ಎಂದರು. ಹಲ್ಲುಚಕ್ರಗಳನ್ನು ತೊಳೆದು, ಒಂದೊಂದು ಅಚ್ಚಿನ ತುದಿಗೂ ಸೂಜಿಮೊನೆಯಷ್ಟು ಎಣ್ಣೆ ಮುಟ್ಟಿಸಿದರು. ಹೆಚ್ಚಾದರೆ ಅದು ಹರಿದು ಧೂಳು ಹಿಡಿಯುತ್ತದೆಯಂತೆ. ಒಡೆದ ಗಾಜನ್ನೂ ಬದಲಾಯಿಸಿದರು. ಗಡಿಯಾರ ನಡೆಯತೊಡಗಿತು, ಆದರೆ ದಿನಕ್ಕೆ ಆರು ನಿಮಿಷ ಹಿಂದೆ. ಅದನ್ನು ತಿದ್ದುವ ಕೆಲಸ ನನ್ನದಾಯಿತು. ಪ್ರತಿ ಬೆಳಿಗ್ಗೆ ರೇಡಿಯೋ ವಾರ್ತೆಯ ವೇಳೆಗೆ ತಾಳೆ ನೋಡುವುದು, ವೇಗ ತಿದ್ದುವ ಕಡ್ಡಿಯನ್ನು ಕೂದಲಷ್ಟು ಸರಿಸುವುದು, ಮರುದಿನದವರೆಗೆ ಕಾಯುವುದು. ಒಂದು ಪಕ್ಷದೊಳಗೆ ವ್ಯತ್ಯಾಸ ಅರ್ಧ ನಿಮಿಷಕ್ಕಿಳಿಯಿತು.

ಉಳಿದುದು ಮುಖ. ಅದರ ಮೇಲೆ ಎರಡು ಕೆಂಪು, ಎರಡು ಹಸಿರು ಪಟ್ಟೆಗಳು ಮಾಸಿ ನಿಂತಿದ್ದವು. "ಇವನ್ನೆಲ್ಲ ಒರೆಸಿ ಬಿಳಿ ಬಣ್ಣ ಹೊಡೆಸಿಬಿಡೋಣ, ಹೊಸದರ ಹಾಗೆ ಕಾಣುತ್ತೆ" ಎಂದಿದ್ದರು ರಿಪೇರಿಯವರು. ನಾನೂ ಒಪ್ಪಿದ್ದೆ.

ಆ ಸಂಜೆ ನೆರೆಮನೆಯ ಹಿರಿಯರೊಬ್ಬರು ಬಂದರು. ಹಡಗುಗಳಲ್ಲಿ ರೇಡಿಯೋ ಕೆಲಸ ಮಾಡಿ ನಿವೃತ್ತರಾದವರು. ಗಡಿಯಾರವನ್ನು ಕಂಡು, ಆಡುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿದರು. ಆಮೇಲೆ ವಿವರಿಸಿದರು. ಪ್ರತಿ ಗಂಟೆಯ 15ರಿಂದ 18, 45ರಿಂದ 48ನೆಯ ನಿಮಿಷದವರೆಗೆ ಕೆಂಪು ಪಟ್ಟೆ. ಆಗ 500 ಕಿಲೋಹರ್ಟ್ಸ್ ತರಂಗದಲ್ಲಿ ಹಡಗುಗಳೆಲ್ಲ ಮೋರ್ಸ್ ಸಂದೇಶ ನಿಲ್ಲಿಸಿ ಕಿವಿಗೊಡಬೇಕು. ಗಂಟೆಯ ಮೊದಲ ಮೂರು ನಿಮಿಷ, ಮತ್ತೆ 30ರಿಂದ 33ರವರೆಗೆ ಹಸಿರು; ಅದು 2182 ಕಿಲೋಹರ್ಟ್ಸ್‌ನಲ್ಲಿ ಮಾತಿನ ಸಂಪರ್ಕಕ್ಕೆ. ಅಪಾಯದಲ್ಲಿರುವವರ ಕ್ಷೀಣ ಕರೆ ಇತರರ ಗದ್ದಲದಲ್ಲಿ ಅಡಗಿಹೋಗಬಾರದೆಂದು ಈ ಮೌನ. ಉಪಗ್ರಹಗಳ ನೆರವಿನ ಹೊಸ ವ್ಯವಸ್ಥೆ 1999ರ ಫೆಬ್ರವರಿ 1ರಂದು ಪೂರ್ಣವಾಗಿ ಜಾರಿಗೆ ಬಂದು, ಈ ಪದ್ಧತಿ ಮುಗಿಯಿತು.

"ಬಹುಪಾಲು ದಿನ ಏನೂ ಕೇಳಿಸುತ್ತಿರಲಿಲ್ಲ. ಆದರೂ ಕೇಳುತ್ತ ಕೂತಿರಬೇಕಿತ್ತು" ಎಂದರು ಹಿರಿಯರು.

ಬಣ್ಣ ಹೊಡೆಸುವ ಯೋಚನೆಯನ್ನು ಕೈಬಿಟ್ಟೆ. ಹಿತ್ತಾಳೆಯನ್ನು ಮಾತ್ರ ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿದೆ. ವಸ್ತುವನ್ನು ಉತ್ತಮಗೊಳಿಸುವ ಉತ್ಸಾಹದಲ್ಲಿ ಅದರ ನೆನಪನ್ನೇ ಒರೆಸಿಹಾಕಲು ನಾನು ಎಷ್ಟು ಸುಲಭವಾಗಿ ಒಪ್ಪಿದ್ದೆನೆಂದು ಈಗಲೂ ನಾಚಿಕೆಯಾಗುತ್ತದೆ.

ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಮಾತನಾಡುವ ಅಭ್ಯಾಸವುಂಟು. ಮುಳ್ಳು ಕೆಂಪು ಪಟ್ಟೆಗೆ ಬಂದಾಗ ನಾನೊಬ್ಬನಾದರೂ ಸುಮ್ಮನಿದ್ದು ಕೇಳಲು ಯತ್ನಿಸುತ್ತೇನೆ. ಕೆಲವೊಮ್ಮೆ ಮರೆಯುತ್ತೇನೆ.