ಕುದುರೆಯೂ ಅವನದೇ, ನಷ್ಟವೂ ಅವನದೇ

(ಗ್ರಂಥಾಲಯವೊಂದರ ವಾರಾಂತ್ಯದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಅಮೆರಿಕದ ಅಂತರ್ಯುದ್ಧದ ಸೈನಿಕರ ಸೇವಾ ದಾಖಲೆಗಳನ್ನು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಜೋಪಾನ ಮಾಡಿದ್ದಾರೆ. ದಕ್ಷಿಣದವರ ಅಶ್ವದಳದ ಸಾಮಾನ್ಯ ಸವಾರನೊಬ್ಬನ ಚೀಟಿಗಳಲ್ಲಿ ಶೌರ್ಯದ ಕತೆ ಸಿಗುವುದು ಅಪರೂಪ. ಸೇನೆಗೆ ಸೇರಿದ ದಿನ, ಹಾಜರಿ, ಸಂಬಳ, ಜೊತೆಗೆ ಕುದುರೆಯ ಬೆಲೆ, ಇಷ್ಟೇ. ಕೆಲವು ಚೀಟಿಗಳ ಮೇಲೆ, ಕುದುರೆ ತರಲು ರಜೆಯ ಮೇಲೆ ಹೋಗಿದ್ದಾನೆಂಬ ಷರಾ ಇರುತ್ತದೆ. ಯುದ್ಧದ ನಡುವೆ ಸೈನಿಕ ಕುದುರೆ ತರಲು ಮನೆಗೆ ಹೋಗುವುದೇ?

ಹೌದು. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ಸಿಡಿದುಹೋದ ದಕ್ಷಿಣದ ರಾಜ್ಯಗಳು 1861ರಲ್ಲಿ ತಮ್ಮದೇ 'ಕಾನ್ಫೆಡರೇಟ್' ಸರ್ಕಾರ ಕಟ್ಟಿಕೊಂಡವು. ಆ ಸರ್ಕಾರದ ಅಶ್ವದಳಕ್ಕೆ ಸೇರುವವನು ಕುದುರೆಯನ್ನು ತಾನೇ ತರಬೇಕಿತ್ತು. ಸೇರುವಾಗ ಅದಕ್ಕೆ ಬೆಲೆ ಕಟ್ಟಿ ಪಟ್ಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಸವಾರನ ಸಂಬಳ ತಿಂಗಳಿಗೆ 12 ಡಾಲರ್, ಕುದುರೆಯ ಬಾಡಿಗೆ ದಿನಕ್ಕೆ 40 ಸೆಂಟ್. ಲೆಕ್ಕ ಹಾಕಿ ನೋಡಿ, ಮೂವತ್ತು ದಿನಕ್ಕೆ ಕುದುರೆಯ ದುಡಿಮೆಯೂ 12 ಡಾಲರೇ!

ತಕರಾರು ಶುರುವಾಗುವುದು ಕುದುರೆ ಸತ್ತಾಗ. ಕಾಳಗದಲ್ಲಿ ಗುಂಡೇಟಿಗೆ ಬಿದ್ದರೆ ಪಟ್ಟಿಯಲ್ಲಿದ್ದ ಬೆಲೆ ಸಿಗುತ್ತಿತ್ತು. ಮೇವಿಲ್ಲದೆ ಸೊರಗಿ ಸತ್ತರೆ, ರೋಗ ಬಂದರೆ, ಶತ್ರು ಹಿಡಿದುಕೊಂಡು ಹೋದರೆ ಬಿಡಿಗಾಸೂ ಇಲ್ಲ. ಸಿಕ್ಕ ಹಣಕ್ಕಾದರೂ ಏನು ಬಂತು? ಕಾಗದದ ನೋಟು ದಿನೇ ದಿನೇ ಕುಸಿಯುತ್ತಿತ್ತು. 1864ರ ಹೊತ್ತಿಗೆ ಹೊಸ ಕುದುರೆಯ ಬೆಲೆ ಹಳೆಯ ಅಂದಾಜಿನ ಹಲವು ಪಟ್ಟಾಗಿತ್ತು. ಕುದುರೆ ಕಳೆದುಕೊಂಡವನು ರಜೆ ಪಡೆದು ಮನೆಯಿಂದ ಇನ್ನೊಂದನ್ನು ತರಬೇಕು, ತರಲಾಗದಿದ್ದರೆ ಕಾಲ್ದಳ ಸೇರಬೇಕು. ವರ್ಜೀನಿಯದಲ್ಲಿ ಹೋರಾಡುತ್ತಿದ್ದ ವರ್ಜೀನಿಯದವನಿಗೆ ಮನೆ ಹತ್ತಿರ. ದೂರದ ಸೌತ್ ಕ್ಯಾರೊಲಿನಾದವನ ಪಾಡು ಕೇಳುವವರಾರು?

1863ರ ಜೂನ್ 9ರಂದು ಬ್ರ್ಯಾಂಡಿ ಸ್ಟೇಷನ್‌ನಲ್ಲಿ ಎರಡೂ ಕಡೆಯ ಅಶ್ವದಳಗಳು ದಿನವಿಡೀ ಹೊಡೆದಾಡಿದವು. ಅಮೆರಿಕದ ನೆಲದಲ್ಲಿ ನಡೆದ ಅತಿ ದೊಡ್ಡ ಅಶ್ವದಳ ಕಾಳಗವದು. ಅಲ್ಲಿ ದಕ್ಷಿಣದವರು ನೆಲ ಬಿಡಲಿಲ್ಲ. ಆದರೆ ಮುಂದಿನ ತಿಂಗಳೇ ಉತ್ತರದ ಸರ್ಕಾರ ಕುದುರೆ ಪೂರೈಸಲು ಪ್ರತ್ಯೇಕ ಇಲಾಖೆ ತೆರೆಯಿತು. ಅವರ ಸವಾರನ ಕುದುರೆ ಸತ್ತರೆ ಸರ್ಕಾರ ಇನ್ನೊಂದನ್ನು ಕೊಡುತ್ತಿತ್ತು. ಇವನ ಕುದುರೆ ಸತ್ತರೆ ಇವನ ಹೊಲದ ಒಂದು ಭಾಗವೇ ಸತ್ತಂತೆ.

ಹಾಗೆಂದು ಕಣ್ಣೀರಿಡುತ್ತಾ ಕೂರುವಂತಿಲ್ಲ. ಯುದ್ಧಕ್ಕೆ ಕೊಡಲು ಒಂದು ಕುದುರೆ ಇದ್ದವನು ದಕ್ಷಿಣದ ಕಡು ಬಡವನೇನಲ್ಲ. 1860ರಲ್ಲಿ ಅಲ್ಲಿ ಸುಮಾರು 40 ಲಕ್ಷ ಜನ ಗುಲಾಮರಿದ್ದರು. ಅವರಿಗೆ ತಮ್ಮ ಮೈಯೇ ತಮ್ಮದಾಗಿರಲಿಲ್ಲ. ಸವಾರನಿಗೂ ಅಸಮಾಧಾನವಿತ್ತು. 1862ರ ಏಪ್ರಿಲ್‌ನಲ್ಲಿ ಕಡ್ಡಾಯ ಸೇನಾಸೇವೆ ಬಂತು. ಅದೇ ಅಕ್ಟೋಬರ್‌ನಲ್ಲಿ, 20 ಅಥವಾ ಹೆಚ್ಚು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನಂತೆ ವಿನಾಯಿತಿಯೂ ಬಂತು. ಶ್ರೀಮಂತರು ಹಚ್ಚಿದ ಕಿಚ್ಚಿಗೆ ತಾವು ಸೌದೆಯಾಗುತ್ತಿದ್ದೇವೆ ಎಂದು ಸಣ್ಣ ರೈತರು ಗೊಣಗಿದರು. ಆದರೂ ಬಹುಮಂದಿ ಆ ಕಿಚ್ಚನ್ನೇ ಕಾಯ್ದರು ಎಂಬುದನ್ನೂ ಹೇಳಬೇಕು.

1865ರ ಏಪ್ರಿಲ್ 9ರಂದು ಅಪೊಮ್ಯಾಟಕ್ಸ್‌ನಲ್ಲಿ ಜನರಲ್ ಲೀ ಶರಣಾದ. ಷರತ್ತುಗಳನ್ನು ಓದಿ, ತಮ್ಮ ಕಡೆ ಸವಾರರ ಕುದುರೆಗಳು ಅವರವರ ಸ್ವಂತದ್ದು ಎಂದ. ಗ್ರಾಂಟ್ ಬರೆದ ಷರತ್ತನ್ನು ತಿದ್ದಲಿಲ್ಲ. ಆದರೆ, ಇದು ನನ್ನದು ಎಂದವನಿಗೆಲ್ಲ ಅವನ ಕುದುರೆಯನ್ನೋ ಹೇಸರಗತ್ತೆಯನ್ನೋ ಮನೆಗೆ ಒಯ್ಯಲು ಬಿಡುವಂತೆ ತನ್ನ ಅಧಿಕಾರಿಗಳಿಗೆ ಹೇಳುವುದಾಗಿ ಒಪ್ಪಿದ. ಆಗ ಬಿತ್ತನೆಯ ಕಾಲ.