ಸಾಗುವಳಿ ಚೀಟಿ ಓದುವ ಮೇಷ್ಟ್ರು ಬೇಕು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾನು ಕಾನೂನು ಓದಿದವನಲ್ಲ. ಐಚ್ಛಿಕ ಕನ್ನಡ ತಗೊಂಡು ಬಿ.ಎ. ಮಾಡಿ ಪದ್ಯ ಬರೆದುಕೊಂಡಿರೋನು. ಪದ್ಯದವನಿಗೆ ಲಾ ಪ್ರೊಫೆಸರ್ ಆಗೋರ ಫೆಲೋಶಿಪ್ಪಿನ ಉಸಾಬರಿ ಯಾಕೆ ಅಂತ ಹಿಂದಿನ ಸಾಲಿನೋರು ನಗ್ತಾ ಇದ್ದೀರಿ. ನಗಿ. ನಾನು ಬಂದಿರೋದು ಎರಡು ಪದದ ವಿಷಯ ಹೇಳೋಕೆ. ‘ಸಮಂಜಸ ಕಾಲ’ ಅನ್ನೋ ಎರಡು ಪದ. ಈ ಎರಡು ಪದ ಎಷ್ಟು ಎಕರೆ ನುಂಗಬಲ್ಲವು ಅನ್ನೋದು ಗೊತ್ತಾದರೆ ಫೆಲೋಶಿಪ್ಪಿನ ಮಾತು ತಾನಾಗೇ ಬರುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ – ಈ ನಾಲ್ಕು ತಾಲ್ಲೂಕಿನ ಹುಡುಗ ಹುಡುಗಿಯರು ಇಲ್ಲಿ ಕೂತಿದ್ದೀರಿ. ನಾಲೆ ಬಯಲಲ್ಲಿ ಕಬ್ಬು ಕಡಿದ ಮನೆಯವರು ಕೆಲವರು. ಮಳೆ ನಂಬಿ ರಾಗಿ, ಹುರುಳಿ ಬಿತ್ತೋ ಮನೆಯವರು ಕೆಲವರು. ನಿಮ್ಮನ್ನೆಲ್ಲ ಒಂದು ಮಾಡಿರೋದು ಕಾವೇರಿ ನೀರಲ್ಲ, ಒಂದು ಆಫೀಸು. ಪಾಂಡವಪುರದ ಉಪವಿಭಾಗಾಧಿಕಾರಿ ಕಚೇರಿ. ನಮ್ಮಪ್ಪಂದಿರ ಬಾಯಲ್ಲಿ ಎ.ಸಿ. ಕೋರ್ಟು. ಈ ನಾಲ್ಕೂ ತಾಲ್ಲೂಕಿನ ನಮ್ಮ ಜನ, ಕಳಕೊಂಡ ದರಖಾಸ್ತು ಜಮೀನು ಕೇಳೋಕೆ ಅಲ್ಲಿಗೇ ಹೋಗಬೇಕು.

ಜಮೀನು ಹೇಗೆ ಹೋಯಿತು ಅನ್ನೋದನ್ನ ನಿಮಗೆ ಹೇಳಿಕೊಡಬೇಕಾಗಿಲ್ಲ. ಸರ್ಕಾರ ಚೀಟಿ ಕೊಟ್ಟಿತು, ಪರಭಾರೆ ಮಾಡಬೇಡ ಅಂತ ಷರತ್ತು ಬರೆಯಿತು. ಮಗಳ ಮದುವೆಯೋ ಹೆಂಡತಿ ಕಾಯಿಲೆಯೋ ಬಂತು. ಊರಿನ ಉಳ್ಳವನು ಕೈಗೆ ಇಷ್ಟು ದುಡ್ಡು ಕೊಟ್ಟು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡ. ಭೋಗ್ಯ ಅಂದಿದ್ದು ಕ್ರಯ ಆಯಿತು. ತನ್ನ ಹೊಲದಲ್ಲೇ ತಾನು ಕೂಲಿ.

ಇದಕ್ಕೆ ತಡೆ ಅಂತ ದೇವರಾಜ ಅರಸರ ಸರ್ಕಾರ 1978ರಲ್ಲಿ ಒಂದು ಕಾಯ್ದೆ ತಂತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಕೆಲವು ಜಮೀನುಗಳ ವರ್ಗಾವಣೆ ನಿಷೇಧ ಕಾಯ್ದೆ. ಪಿ.ಟಿ.ಸಿ.ಎಲ್. ಅಂದರೆ ನಮ್ಮ ಅಜ್ಜಿಯರಿಗೂ ಗೊತ್ತು. 1979ರ ಜನವರಿ 1ರಿಂದ ಜಾರಿಗೆ ಬಂತು. ಷರತ್ತು ಮುರಿದು ಆದ ಕ್ರಯ, ಕಾಯ್ದೆ ಬರೋ ಮೊದಲಿನದಾದರೂ ಅನೂರ್ಜಿತ. ಜಮೀನು ಬಿಡಿಸಿ ಮೂಲ ಮಂಜೂರಿದಾರನಿಗೋ ಅವನ ವಾರಸುದಾರರಿಗೋ ಕೊಡಬೇಕು. ಕೊಂಡವರು ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕೋರ್ಟು ಈ ಕಾಯ್ದೆಯನ್ನ ಎತ್ತಿಹಿಡಿಯಿತು.

ಆಮೇಲೆ ಬಂತು ನಮ್ಮ ಎರಡು ಪದ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣ. ಕಾಯ್ದೆ ಬಂದು ಸುಮಾರು 25 ವರ್ಷದ ಮೇಲೆ ಅರ್ಜಿ ಹಾಕಿದ್ದಾರೆ, ಕಾಯ್ದೆಯಲ್ಲಿ ಕಾಲಮಿತಿ ಬರೆದಿಲ್ಲದಿದ್ದರೂ ‘ಸಮಂಜಸ ಕಾಲ’ದೊಳಗೆ ಬರಬೇಕಿತ್ತು ಅಂತ ಸುಪ್ರೀಂ ಕೋರ್ಟು ಹೇಳಿತು. ಈ ಒಂದು ತೀರ್ಪು ಹಿಡಿದುಕೊಂಡು ಎ.ಸಿ. ಕೋರ್ಟಿನಿಂದ ಹೈಕೋರ್ಟಿನ ತನಕ ನಮ್ಮವರ ಅರ್ಜಿಗಳು ಬಿದ್ದವು. ಧರಣಿ ಕೂತರು, ಬೀದಿಗೆ ಬಂದರು. 2023ರಲ್ಲಿ ಸರ್ಕಾರ ತಿದ್ದುಪಡಿ ತಂದು, ಈ ಅರ್ಜಿಗೆ ಕಾಲಮಿತಿ ಇಲ್ಲ ಅಂತ ಬರೆಯಿತು. ಗೆದ್ದೆವು ಅಂದುಕೊಂಡೆವು. ಅದಾದ ಮೇಲೂ ಹೈಕೋರ್ಟಿನಲ್ಲಿ ಹೊಸ ವಾದ ಎದ್ದಿತು: ಕಾಲಮಿತಿ ಬೇರೆ, ವಿಳಂಬ ಬೇರೆ. ಶಾಸನ ತೆಗೆದದ್ದು ಕಾಲಮಿತಿಯನ್ನ, ವಿಳಂಬವನ್ನಲ್ಲ.

ಸ್ವಲ್ಪ ನಿಂತು ಯೋಚನೆ ಮಾಡಿ. ಯಾರಿಗೆ ಸಮಂಜಸ? ಓದು ಬರದ ಮುದುಕಿಗೆ ಕಾಯ್ದೆ ಬಂದಿದೆ ಅನ್ನೋ ಸುದ್ದಿ ಮುಟ್ಟೋಕೆ ಎಷ್ಟು ವರ್ಷ ಸಮಂಜಸ? ಯಾರ ಗದ್ದೆಯಲ್ಲಿ ಕೂಲಿ ಮಾಡ್ತಾಳೋ ಅವನ ಮೇಲೇ ಅರ್ಜಿ ಹಾಕೋ ಧೈರ್ಯ ಹುಟ್ಟೋಕೆ ಎಷ್ಟು ವರ್ಷ ಸಮಂಜಸ? ಈ ಪ್ರಶ್ನೆಯನ್ನ ನಾನು ಪದ್ಯದಲ್ಲಿ ಬರೆಯಬಹುದು. ಚಪ್ಪಾಳೆ ಬೀಳುತ್ತದೆ, ಜಮೀನು ಬರೋಲ್ಲ. ಇದೇ ಪ್ರಶ್ನೆ ಕಾನೂನಿನ ಭಾಷೆಯಲ್ಲಿ, ತೀರ್ಪಿನ ಮೇಲೆ ತೀರ್ಪು ಜೋಡಿಸಿ, ಒಂದು ಲೇಖನವಾಗಿ, ಒಂದು ಪಿಎಚ್.ಡಿ. ಪ್ರಬಂಧವಾಗಿ, ಒಂದು ಪಠ್ಯಪುಸ್ತಕವಾಗಿ ಬರಬೇಕು. ವಕೀಲ ಅದನ್ನ ಕೈಯಲ್ಲಿ ಹಿಡಿದು ವಾದ ಮಾಡಬೇಕು. ಅದನ್ನ ಬರೆಯೋನೇ ಕಾನೂನು ಮೇಷ್ಟ್ರು.

ವಕೀಲ ಬೇಡ ಅಂತಲ್ಲ, ಬೇಕೇ ಬೇಕು. ಆದರೆ ವಕೀಲ ಒಂದು ಸಲಕ್ಕೆ ಒಂದು ಕೇಸು ನಡೆಸ್ತಾನೆ. ಮೇಷ್ಟ್ರು ಒಂದು ತರಗತಿಯಲ್ಲಿ ಅರವತ್ತು ಜನಕ್ಕೆ ಪಾಠ ಹೇಳ್ತಾನೆ. ಅವರಲ್ಲೇ ನಾಳೆಯ ಸರ್ಕಾರಿ ವಕೀಲ, ನಾಳೆಯ ಮುನ್ಸೀಫ, ನಾಳೆಯ ಎ.ಸಿ. ಕೂತಿರ್ತಾನೆ. ಕಂಬಾಲಪಲ್ಲಿ ನೆನಪಿದೆಯಲ್ಲ? 2000ದ ಮಾರ್ಚಿನಲ್ಲಿ ಏಳು ಜನರನ್ನ ಮನೆಯೊಳಗೇ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, ಸಾಕ್ಷಿಗಳು ತಿರುಗಿಬಿದ್ದರು ಅಂತ. ಸಾಕ್ಷಿ ಯಾಕೆ ತಿರುಗಿ ಬೀಳ್ತಾನೆ ಅನ್ನೋದು ಸಾಕ್ಷ್ಯ ಕಾಯ್ದೆ ಪಾಠದಲ್ಲಿ ಎಷ್ಟು ನಿಮಿಷ ಬರುತ್ತದೆ ಅನ್ನೋದು ಪಾಠ ಹೇಳೋನು ಯಾರು ಅನ್ನೋದರ ಮೇಲೆ ನಿಂತಿದೆ.

ಬಾಬಾಸಾಹೇಬರ ಫೋಟೋ ಎಲ್ಲ ಹಾಸ್ಟೆಲಿನಲ್ಲೂ ಇದೆ, ಸಂವಿಧಾನ ಕೈಯಲ್ಲಿ ಹಿಡಿದಿರೋದು. ಅವರು ಕಾನೂನು ಮೇಷ್ಟ್ರೂ ಆಗಿದ್ದರು ಅನ್ನೋದನ್ನ ಎಷ್ಟು ಜನ ಕೇಳಿದ್ದೀರಿ? 1935ರ ಜೂನಿನಲ್ಲಿ ಮುಂಬಯಿ ಸರ್ಕಾರಿ ಲಾ ಕಾಲೇಜಿಗೆ ಪ್ರಿನ್ಸಿಪಾಲರಾದರು. ಅದೇ ವರ್ಷ ಅಕ್ಟೋಬರಿನಲ್ಲಿ ಯೇವಲೆಯಲ್ಲಿ ನಿಂತು, ಹಿಂದೂ ಆಗಿ ಸಾಯೋದಿಲ್ಲ ಅಂತ ಸಾರಿದರು. ಅವರನ್ನ ಅಲ್ಲಿಗೆ ತಂದದ್ದು ಬುದ್ಧಿಯೊಂದೇ ಅಲ್ಲ ಕಣ್ರಯ್ಯ, ದುಡ್ಡೂ ಹೌದು. 1913ರಲ್ಲಿ ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟರು. ಗಮನಿಸಿ, ಆಗ ಅವರ ಕೈಯಲ್ಲಿದ್ದದ್ದು ಬರೀ ಒಂದು ಬಿ.ಎ. ಆ ವರ್ಷವೇ ತಂದೆ ತೀರಿಕೊಂಡಿದ್ದರು. ಮನೆ ಹಿಂದಕ್ಕೆ ಎಳೆಯೋ ಹೊತ್ತಿನಲ್ಲಿ ದುಡ್ಡು ಕೈಗೆ ಬಂತು. ಅವಧಿ ಮುಗಿದಾಗ ಲಂಡನ್ನಿನ ಓದನ್ನ ಅರ್ಧಕ್ಕೆ ಬಿಟ್ಟು 1917ರಲ್ಲಿ ವಾಪಸ್ ಬರಬೇಕಾಯಿತು. ಅಂಥವರ ಓದೇ ದುಡ್ಡಿಲ್ಲದೆ ನಿಂತಿತ್ತು ಅಂದಮೇಲೆ ನಮ್ಮದು ಯಾವ ಲೆಕ್ಕ?

ಈಗ ಇರೋ ದಾರಿ ಹೇಳ್ತೀನಿ, ಬರೆದುಕೊಳ್ಳಿ. ಎಲ್‌ಎಲ್‌ಎಂನಲ್ಲಿ ನಮ್ಮವರಿಗೆ ಶೇಕಡಾ 50 ಅಂಕ ಇದ್ದರೆ ಯುಜಿಸಿ ನೆಟ್ ಪರೀಕ್ಷೆಗೆ ಕೂರಬಹುದು. ಕಡೇ ವರ್ಷದಲ್ಲಿ ಓದ್ತಾ ಇರೋರೂ ಕೂರಬಹುದು. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸರದಿ. 150 ಪ್ರಶ್ನೆ, 300 ಅಂಕ, ಮೂರು ಗಂಟೆ. ತಪ್ಪು ಬರೆದರೆ ಅಂಕ ಕಳೆಯೋಲ್ಲ. ಜೆಆರ್‌ಎಫ್‌ಗೆ ವಯಸ್ಸು 30, ನಮಗೆ ಐದು ವರ್ಷ ರಿಯಾಯಿತಿ. ಇದರ ಜೊತೆಗೆ ಪರಿಶಿಷ್ಟ ಜಾತಿಯವರಿಗೇ ಅಂತ ಇನ್ನೊಂದು ರಾಷ್ಟ್ರೀಯ ಫೆಲೋಶಿಪ್ ಇದೆ. 2005–06ರಲ್ಲಿ ರಾಜೀವ್ ಗಾಂಧಿ ಹೆಸರಲ್ಲಿ ಶುರುವಾದದ್ದು. ಅದಕ್ಕೂ ಈಗ ಬಾಗಿಲು ನೆಟ್ ಪರೀಕ್ಷೆಯೇ. 2023ರ ಜನವರಿಯಿಂದ ದರ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಕಬ್ಬಿನ ಗದ್ದೆ ಕೂಲಿಯ ಲೆಕ್ಕದಲ್ಲಿ ಇದು ಎಷ್ಟು ದಿನದ ದುಡಿಮೆ ಅಂತ ನೀವೇ ಹಾಕಿಕೊಳ್ಳಿ. ತಿಂಗಳು ತಿಂಗಳು ಸರಿಯಾಗಿ ಬರುತ್ತದೆ ಅಂತ ಮಾತ್ರ ನಂಬಬೇಡಿ. ಬಾಕಿ ಹಣಕ್ಕಾಗಿ ಸಂಶೋಧಕರು ಬೀದಿಯಲ್ಲಿ ಕೂತದ್ದೂ ಇದೆ.

ನೆಟ್ ಪತ್ರಿಕೆ ಇಂಗ್ಲಿಷು, ಹಿಂದಿಯಲ್ಲಿ. ಕಾನೂನಿಗೆ ಕನ್ನಡ ಇಲ್ಲ. ಕೆ-ಸೆಟ್ ಪಾಸು ಮಾಡಿದರೆ ನಮ್ಮ ರಾಜ್ಯದಲ್ಲಿ ಮೇಷ್ಟ್ರಾಗೋ ಅರ್ಹತೆ ಸಿಗುತ್ತದೆ, ಫೆಲೋಶಿಪ್ ದುಡ್ಡು ಸಿಗೋಲ್ಲ. ಎರಡನ್ನೂ ಕಟ್ಟಿ.

ನನ್ನ ತಕರಾರು ಇರೋದು ಇನ್ನೊಂದು ಕಡೆ. ಎಲ್‌ಎಲ್‌ಬಿ ಮುಗಿಸಿದ ಹುಡುಗ ಊರಿಗೆ ಬರ್ತಾನೆ. ಅಪ್ಪ ಕೇಳೋದು ಒಂದೇ ಮಾತು: ‘ಕರಿಕೋಟು ಯಾವಾಗ ಹಾಕ್ತೀಯಪ್ಪಾ?’ ಸೀನಿಯರ್ ವಕೀಲರ ಹತ್ತಿರ ತರಬೇತಿಗೆ ಸೇರಿದರೆ ಸಮಾಜ ಕಲ್ಯಾಣ ಇಲಾಖೆ ತಿಂಗಳ ಭತ್ಯೆ ಕೊಡುತ್ತದೆ. ಒಳ್ಳೇದೇ. ಎಲ್‌ಎಲ್‌ಎಂಗೆ ಸೇರಿದವನಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬಿಟ್ಟರೆ ಮನೆಗೆ ನಾಲ್ಕು ಕಾಸು ಕಳಿಸೋ ಅಂಥದ್ದು ನನ್ನ ಕಣ್ಣಿಗೆ ಕಾಣೆ. ಫೆಲೋಶಿಪ್ ಶುರುವಾಗೋದು ಅದಾದ ಮೇಲೆ. ಏಣಿ ಇಟ್ಟಿದ್ದಾರೆ, ಮೊದಲ ಮೆಟ್ಟಿಲು ಮಾತ್ರ ಆಳೆತ್ತರದಲ್ಲಿದೆ. ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿ. ಆ ಒಂದೆರಡು ವರ್ಷದಲ್ಲೇ ಗಂಡು ನೋಡಿ ಮುಗಿಸಿರ್ತಾರೆ. ನಾಗಮಂಗಲದಿಂದ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿಗೆ ಬಸ್ಸಿನಲ್ಲಿ ಮೂರು ಗಂಟೆ ದಾರಿ. ಅಲ್ಲಿ ಎಲ್‌ಎಲ್‌ಎಂ ಒಂದೇ ವರ್ಷ. ಆ ಒಂದು ವರ್ಷ ದಾಟಿಸೋದೇ ಕಷ್ಟ ಕಣ್ರವ್ವ.

ಅದಕ್ಕೇ ಎರಡು ಬೇಡಿಕೆ. ವಕೀಲಿ ತರಬೇತಿಗೆ ಕೊಡೋ ಭತ್ಯೆಯಷ್ಟೇ ಭತ್ಯೆಯನ್ನ ಎಲ್‌ಎಲ್‌ಎಂ ಓದೋ ನಮ್ಮ ಹುಡುಗರಿಗೂ ಸರ್ಕಾರ ಕೊಡಲಿ. ಇದನ್ನ ನಾಲ್ಕೂ ತಾಲ್ಲೂಕಿನ ಸಮಾಜ ಕಲ್ಯಾಣ ಕಚೇರಿಗೆ ಬರೆದು ಕೊಡೋಣ, ಸ್ವೀಕೃತಿ ಪಡೆಯೋಣ. ಇನ್ನೊಂದು ನಮ್ಮೊಳಗಿನದು. ಏಪ್ರಿಲ್ 14ರ ಜಯಂತಿಗೆ ನಮ್ಮ ಊರುಗಳಲ್ಲಿ ಎತ್ತೋ ಚಂದಾ ಎಷ್ಟು ಅಂತ ಎಲ್ಲರಿಗೂ ಗೊತ್ತು. ಡಿಜೆ ಬಾಡಿಗೆಯನ್ನ ಒಂದು ವರ್ಷ ಇತ್ತ ತಿರುಗಿಸಿದರೆ ತಾಲ್ಲೂಕಿಗೆ ಒಬ್ಬಳನ್ನ, ಒಬ್ಬನನ್ನ ಎಲ್‌ಎಲ್‌ಎಂ ದಾಟಿಸಬಹುದು. ಈ ಮಾತಿಗೆ ಬೈಸಿಕೊಳ್ಳೋಕೆ ನಾನು ತಯಾರಿದ್ದೀನಿ.

ಎಲ್‌ಎಲ್‌ಬಿ ಕಡೇ ವರ್ಷದವರು ಊಟ ಆದಮೇಲೆ ಇಲ್ಲೇ ಉಳೀರಿ. ಹೆಸರು, ಊರು, ತಾಲ್ಲೂಕು ಬರೆಸಿ. ನೆಟ್ಟಿನ ಹಳೇ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿ ತಂದಿದ್ದೀನಿ. ಮನೆಯಲ್ಲಿ ಪಿ.ಟಿ.ಸಿ.ಎಲ್. ಕೇಸು ಇರೋರು ಮುಂದಿನ ಸಲ ಬರುವಾಗ ಸಾಗುವಳಿ ಚೀಟಿ, ಪಹಣಿ, ಎ.ಸಿ. ಕೋರ್ಟಿನ ಆದೇಶದ ನಕಲು ತನ್ನಿ. ಓದೋದು ಅಲ್ಲಿಂದ ಶುರು ಮಾಡೋಣ.