ನೆರೆಯ ಗ್ಯಾಲಕ್ಸಿಯ ಎಕ್ಸ್‌ರೇ ದೀಪಗಳು



ಹಿಂದೂಪುರ, ಕಲ್ಯಾಣದುರ್ಗದ ಕಡೆಯ ನಮಗೆ ಒಂದೇ ವಸ್ತುವಿಗೆ ಎರಡು ಹೆಸರಿರುವುದು ಹೊಸತಲ್ಲ. ಕನ್ನಡದ ಹಾಲುಹಾದಿಯೇ ತೆಲುಗಿನ ಪಾಲಪುಂತ. ನಮ್ಮ ಸೂರ್ಯನೂ ಸೇರಿ ಕೋಟಿ ಕೋಟಿ ನಕ್ಷತ್ರಗಳಿರುವ ಸುರುಳಿಯಾಕಾರದ ಗುಂಪು ಅದು. ಅಂಥ ಗುಂಪನ್ನು ಗ್ಯಾಲಕ್ಸಿ ಎನ್ನುತ್ತಾರೆ. ನಮಗೆ ಹತ್ತಿರದ ಇನ್ನೊಂದು ದೊಡ್ಡ ಸುರುಳಿ ಗ್ಯಾಲಕ್ಸಿಯೇ ದೇವಯಾನಿ, ಅಂದರೆ ಆಂಡ್ರೊಮಿಡಾ. ಹತ್ತಿರವೆಂದರೂ ಅಲ್ಲಿಂದ ಬೆಳಕು ಬರಲು ಸುಮಾರು 25 ಲಕ್ಷ ವರ್ಷ ಬೇಕು.

ಕೈ ಮುರಿದಾಗ ಆಸ್ಪತ್ರೆಯಲ್ಲಿ ಯಂತ್ರ ಬಿಡುವ ಎಕ್ಸ್‌ರೇ ಕಿರಣ ನಿಮಗೆ ಗೊತ್ತು. ಆಕಾಶದಲ್ಲಿಯೂ ಅದನ್ನು ಬಿಡುವ ಕಾಯಗಳಿವೆ. ದೊಡ್ಡ ನಕ್ಷತ್ರ ಸತ್ತರೆ ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಉಳಿಯುತ್ತದೆ. ನ್ಯೂಟ್ರಾನ್ ನಕ್ಷತ್ರದ ತೂಕ ಸೂರ್ಯನಿಗಿಂತ ಹೆಚ್ಚು. ಅಗಲ ಮಾತ್ರ ಹಿಂದೂಪುರದಿಂದ ಲೇಪಾಕ್ಷಿಗೆ ಹೋಗಿಬರುವಷ್ಟೂ ಇಲ್ಲ. ಅದು ಜೊತೆಯ ನಕ್ಷತ್ರದ ಅನಿಲವನ್ನು ಎಳೆದುಕೊಳ್ಳುವಾಗ ಅನಿಲ ವಿಪರೀತ ಕಾದು ಎಕ್ಸ್‌ರೇ ಸೂಸುತ್ತದೆ. ನಮ್ಮ ವಾಯುಮಂಡಲ ಆ ಕಿರಣಗಳನ್ನು ಮೇಲೆಯೇ ತಡೆಯುವುದರಿಂದ ಉಪಗ್ರಹ ಬೇಕಾಗುತ್ತದೆ.

ನಮ್ಮ ಗ್ಯಾಲಕ್ಸಿಯಲ್ಲಿಯೇ ಇಂಥವು ಇರುವಾಗ ನೆರೆಯವರದು ಏಕೆ? ಸಂತೆಯ ನಡುವೆ ನಿಂತವನಿಗೆ ಹತ್ತಿರದ ಬುಡ್ಡಿದೀಪವೂ ದೊಡ್ಡದಾಗಿ ಕಾಣುತ್ತದೆ. ಪೆನುಕೊಂಡದ ಬೆಟ್ಟ ಹತ್ತಿ ದೂರದ ಒಂದು ಊರನ್ನು ನೋಡಿ: ಎಲ್ಲ ದೀಪಗಳೂ ಹೆಚ್ಚುಕಡಿಮೆ ಒಂದೇ ದೂರ. ಪ್ರಖರವಾಗಿ ಕಂಡದ್ದು ನಿಜವಾಗಿಯೂ ಪ್ರಖರ. ದೇವಯಾನಿಯ ಅನುಕೂಲ ಇದೇ.

1978ರಲ್ಲಿ ಹಾರಿದ ಐನ್‌ಸ್ಟೈನ್ ಉಪಗ್ರಹ ಅಲ್ಲಿ ಸುಮಾರು ನೂರು ಎಕ್ಸ್‌ರೇ ಮೂಲಗಳನ್ನು ಕಂಡಿತು. 1999ರಲ್ಲಿ ಹೋದ, ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನ 'ಚಂದ್ರ' ದೂರದರ್ಶಕ ಅವುಗಳನ್ನು ಇನ್ನೂ ಸ್ಪಷ್ಟವಾಗಿ ಬೇರ್ಪಡಿಸಿತು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಭಾರತದ ಆಸ್ಟ್ರೋಸ್ಯಾಟ್ ಹಾರಿತು. ಅದರ ಅತಿನೇರಳೆ ದೂರದರ್ಶಕವನ್ನು ಜೋಡಿಸಿದ್ದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ. 'ಚಂದ್ರ' ಗುರುತಿಸಿದ್ದ ದೇವಯಾನಿಯ ಕೆಲವು ಎಕ್ಸ್‌ರೇ ಮೂಲಗಳು ಅದರ ಚಿತ್ರಗಳಲ್ಲಿಯೂ ಸಿಕ್ಕವು. ಎರಡು ಬಗೆಯ ಬೆಳಕಿನಲ್ಲಿ ಕಂಡರೆ ಆ ಮೂಲ ಎಂಥದ್ದೆಂದು ತಿಳಿಯುವುದು ಸುಲಭ. ಕನ್ನಡನಾಡಿನಲ್ಲಿ ಜೋಡಿಸಿ, ಆಂಧ್ರದಿಂದ ಹಾರಿಸಿದ ಕಣ್ಣು ಅದು.

ಇದರಿಂದ ನಮ್ಮ ಕಡಲೆಕಾಯಿ ಹೊಲಕ್ಕೆ ಮಳೆ ಬಂದೀತೇ ಎಂದು ಕೇಳಬಹುದು. ಬಾರದು. ಆದರೆ ನಮ್ಮ ರಕ್ತದ ಕಬ್ಬಿಣ ತಯಾರಾದದ್ದು ಹಿಂದೆ ಸತ್ತ ನಕ್ಷತ್ರಗಳಲ್ಲಿ. ಎಕ್ಸ್‌ರೇ ಮೂಲಗಳನ್ನು ಎಣಿಸುವುದೆಂದರೆ ನಕ್ಷತ್ರಗಳ ಮರಣದ ರಿಜಿಸ್ಟರ್ ಓದಿದಂತೆ. ನಮ್ಮ ಹುಟ್ಟಿನ ಲೆಕ್ಕವೂ ಅದರಲ್ಲಿದೆ.

ಕಾರ್ತಿಕದ ಅಮಾವಾಸ್ಯೆಯ ಆಸುಪಾಸು, ರಾತ್ರಿ ಎಂಟರ ಹೊತ್ತಿಗೆ ಊರ ದೀಪಗಳಿಂದ ದೂರ ಹೋಗಿ ಉತ್ತರಕ್ಕೆ ತಲೆಯೆತ್ತಿ ನೋಡಿ. ನೆತ್ತಿಗಿಂತ ಸ್ವಲ್ಪ ಕೆಳಗೆ ಮಂಜಿನ ತುಣುಕಿನಂತೆ ಕಾಣುವುದೇ ದೇವಯಾನಿ. ಮಕ್ಕಳಿಗೂ ತೋರಿಸಿ, ಯಾವ ಭಾಷೆಯಲ್ಲಿ ಹೇಳಿದರೂ ಸರಿಯೇ.